ಪವರ್ ಪ್ರೆಸ್ಸಿನ ಮುಂದೆ ಕುಳಿತಿದ್ದ ಹುಡುಗಿ

ಕೊರೊನಾ ಕಾಲದಲ್ಲಿ ಮುಚ್ಚಿದ್ದ ಶಾಲೆ, ಕಾಲೇಜುಗಳು ಮತ್ತೆ ತೆರೆದು ಎರಡನೆಯ ವರ್ಷ ನಡೆದಿತ್ತು. ಆಗ ನಾನು ಬೈಲಹೊಂಗಲದಲ್ಲಿ ಕಾರ್ಮಿಕ ನಿರೀಕ್ಷಕಿಯಾಗಿದ್ದೆ. ಕಿತ್ತೂರು ನನ್ನ ವೃತ್ತಕ್ಕೇ ಸೇರಿತ್ತು. ಸವದತ್ತಿ ಮತ್ತು ರಾಮದುರ್ಗದ ಹುದ್ದೆಗಳು ಖಾಲಿ ಬಿದ್ದಿದ್ದರಿಂದ ಅವುಗಳ ಪ್ರಭಾರವೂ ನನ್ನ ಹೆಗಲಿಗೆ ಬಂದಿತ್ತು. ಒಂದು ದಿನ ಕಿತ್ತೂರಿನ ಹೆದ್ದಾರಿ ಬದಿಯ ಹೋಟೆಲು, ಗ್ಯಾರೇಜು. ಮರುದಿನ ರಾಮದುರ್ಗದ ಮಗ್ಗದ ಶೆಡ್ಡು. ಅದರ ಮರುದಿನ ಸವದತ್ತಿ ಕಡೆಯ ಅಂಗಡಿ, ವರ್ಕ್‌ಶಾಪು. ಕಚೇರಿಗೆ ಜೀಪು ಇರಲಿಲ್ಲವಾದ್ದರಿಂದ ನನ್ನ ಅರ್ಧ ನೌಕರಿ ಸಾರಿಗೆ ಬಸ್ಸಿನಲ್ಲೇ ಮುಗಿಯಿತು ಎನ್ನಬೇಕು.

ಕನಿಷ್ಠ ಕೂಲಿ ಸಿಗುತ್ತಿದೆಯೇ, ಕೆಲಸದ ವೇಳೆ ಸರಿಯಾಗಿದೆಯೇ, ಮಕ್ಕಳನ್ನು ದುಡಿಮೆಗೆ ಹಚ್ಚಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ. ದೊಡ್ಡ ಕಾರ್ಖಾನೆಗಳಿಗೆ ಬೇರೆ ಇಲಾಖೆಯೇ ಇದೆ. ಹತ್ತಾರು ಜನ ದುಡಿಯುವ ಸಣ್ಣ ಘಟಕಗಳು ನಮ್ಮ ಪಾಲಿಗೆ ಬರುತ್ತವೆ. ಅಲ್ಲಿ ಅಪಘಾತವಾದರೆ ಸಾಮಾನ್ಯವಾಗಿ ಯಾರೂ ನಮಗೆ ತಿಳಿಸುವುದಿಲ್ಲ. ಮಾಲೀಕರು ಆಸ್ಪತ್ರೆಯ ಖರ್ಚು ಕೊಡುತ್ತಾರೆ, ಮನೆಯವರು ಸುಮ್ಮನಾಗುತ್ತಾರೆ, ಕೆಲವೇ ದಿನಗಳಲ್ಲಿ ಆ ಯಂತ್ರದ ಮುಂದೆ ಇನ್ನೊಬ್ಬ ಕುಳಿತಿರುತ್ತಾನೆ.

ಆಯುಧಪೂಜೆ ಮುಗಿದು ಕಬ್ಬಿನ ಹಂಗಾಮು ಶುರುವಾಗುವ ಹೊತ್ತು. ರಾಮದುರ್ಗದಿಂದ ಮರಳುವ ಬಸ್ಸಿನಲ್ಲಿದ್ದೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹುಡುಗಿಯ ದನಿ, ಪಿಸುಮಾತಿನಲ್ಲಿ.

“ಮೇಡಂ, ಹೂಲಿ ಸುಜಾತಾನ ಕೈ ಮನ್ಯಾಗ ಹೋಗಿಲ್ರಿ. ಯರಗಟ್ಟಿ ವರ್ಕ್‌ಶಾಪಿನ್ಯಾಗ ಹೋಗೇತಿ. ಎಲ್ಲಾರೂ ಸುಳ್ಳ ಹೇಳಾಕತ್ತಾರ.”

ಹೆಸರು ಕೇಳುವಷ್ಟರಲ್ಲಿ ಕರೆ ಕಡಿಯಿತು. ತಿರುಗಿ ಹಚ್ಚಿದರೆ ಫೋನು ಬಂದ್ ಆಗಿತ್ತು. ಆ ಹುಡುಗಿ ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಹುಡುಕಲೂ ಹೋಗಲಿಲ್ಲ.

ಮರುದಿನ ಪೊಲೀಸರನ್ನು ವಿಚಾರಿಸಿದೆ. ಹೂಲಿಯ ಸುಜಾತಾ ಎಂಬ ಹದಿನೇಳರ ಹುಡುಗಿ ಎಡಗೈಗೆ ಪೆಟ್ಟಾಗಿ ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿರುವುದು ನಿಜ ಎಂದರು. ಮನೆಯಲ್ಲಿ ದನಗಳಿಗೆ ಹಾಕುವ ಜೋಳದ ಕಣಿಕೆ ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿತು ಎಂದು ಸ್ವತಃ ಹುಡುಗಿ ಹಾಗೂ ಅವಳ ತಂದೆ ಹೇಳಿದ್ದರು. ನಮ್ಮ ಕಡೆ ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕಳೆದುಕೊಂಡವರು ಊರಿಗೊಬ್ಬರು ಸಿಗುತ್ತಾರೆ. ಪೊಲೀಸರಿಗೂ ಸಂಶಯ ಬರಲು ಕಾರಣವಿರಲಿಲ್ಲ.

ನಾನು ಬೆಳಗಾವಿಗೆ ಹೋದೆ. ಸುಜಾತಾ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಎಡಗೈಗೆ ಮೊಳಕೈವರೆಗೂ ಬ್ಯಾಂಡೇಜು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರೂ ಹೋಗಿದ್ದವು. ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ಪಕ್ಕದ ಸ್ಟೂಲಿನ ಮೇಲೆ ಅವಳ ತಂದೆ ಪರಸಪ್ಪ. ಹೂಲಿಯಲ್ಲಿ ಗೌಂಡಿ ಕೆಲಸ ಮಾಡುವ ಮನುಷ್ಯ. ಸಿಮೆಂಟಿಗೆ ಬಿರುಕುಬಿಟ್ಟ ದಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

ನಾನು ಯಾರೆಂದು ಹೇಳಿ, ಏನಾಯಿತು ಎಂದು ಕೇಳಿದೆ. ಹುಡುಗಿ ಕಿಟಕಿಯ ಕಡೆ ಮುಖ ಮಾಡಿ, ಕಂಠಪಾಠ ಒಪ್ಪಿಸಿದಂತೆ ಕಣಿಕೆ ಕತ್ತರಿಸುವ ಯಂತ್ರದ ಕಥೆ ಹೇಳಿದಳು. ನಾನು ತಂದೆಯ ಕಡೆ ತಿರುಗಿದೆ.

“ಮನ್ಯಾಗ ದನಾ ಎಷ್ಟ ಅದಾವ, ಪರಸಪ್ಪ?”

ಅವನು ಮಗಳ ಕಡೆ ನೋಡಿದ.

“ದನಾ ಇಲ್ರಿ,” ಎಂದ ಕೊನೆಗೆ. “ಹೊಲಾನೂ ಇಲ್ಲ, ದನಾನೂ ಇಲ್ಲ. ಗೌಂಡಿ ಮಂದಿ ನಾವು.”

ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದಮೇಲೆ ಅವನು ಎಲ್ಲವನ್ನೂ ಹೇಳಿದ. ಸುಜಾತಾ ಸವದತ್ತಿ ಕಡೆಯ ಒಂದು ಖಾಸಗಿ ಐಟಿಐದಲ್ಲಿ ಫಿಟ್ಟರ್ ಟ್ರೇಡಿನ ಎರಡನೆಯ ವರ್ಷದಲ್ಲಿದ್ದಳು. ಡ್ಯುಯಲ್ ಟ್ರೇನಿಂಗ್ ಎಂಬ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ತರಗತಿಯಲ್ಲಿ, ಕೆಲವು ತಿಂಗಳು ಉದ್ಯಮದಲ್ಲಿ ಕಲಿಯಬೇಕು. ಸುಜಾತಾ ಹಾಗೂ ಅವಳ ತರಗತಿಯ ಕೆಲವು ಹುಡುಗಿಯರನ್ನು ಯರಗಟ್ಟಿಯ ಹೊರಗಿನ ಒಂದು ವರ್ಕ್‌ಶಾಪಿಗೆ ಕಳುಹಿಸಿದ್ದರು. ಅಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಕಟ್ಟುತ್ತಿದ್ದರು. ಹಂಗಾಮು ಹತ್ತಿರ ಬಂದಂತೆ ಟ್ರೇಲರಿಗಾಗಿ ಜನ ಮುಗಿಬಿದ್ದರು. ಅದೇ ಹೊತ್ತಿಗೆ ಅಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನಡೆಸುವವನು ಕೆಲಸ ಬಿಟ್ಟು ಹೋದ. ಅವನ ಜಾಗದಲ್ಲಿ ಸುಜಾತಾಳನ್ನು ಕೂಡಿಸಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಟ್ರೇಲರ್ ಬಾಗಿಲಿನ ಬಿಜಾಗರಿ ಪಟ್ಟಿಗಳನ್ನು ಒತ್ತುವುದೇ ಅವಳ ಕೆಲಸವಾಯಿತು.

ಕೈ ಹೋದ ದಿನ ಆಸ್ಪತ್ರೆಗೆ ಬರುವ ದಾರಿಯಲ್ಲೇ ವರ್ಕ್‌ಶಾಪಿನ ಫೋರ್‌ಮನ್ ಪರಸಪ್ಪನಿಗೆ ತಿಳಿಹೇಳಿದ್ದ. ನಿಜ ಹೇಳಿದರೆ ಮಾಲೀಕರು ಜೈಲಿಗೆ, ಐಟಿಐಗೆ ಬೀಗ, ಆಸ್ಪತ್ರೆಯ ಬಿಲ್ಲು ನಿನ್ನ ತಲೆಗೆ. ಮನೆಯಲ್ಲಾಯಿತು ಎಂದರೆ ಎಲ್ಲವನ್ನೂ ಮಾಲೀಕರು ನೋಡಿಕೊಳ್ಳುತ್ತಾರೆ, ಎಂದು. ಮಗಳ ಕೈಗೆ ಸುತ್ತಿದ ಟವೆಲ್ಲಿನಿಂದ ರಕ್ತ ಇಳಿಯುತ್ತಿರುವಾಗ ಯಾವ ತಂದೆ ವಾದ ಮಾಡುತ್ತಾನೆ? ಅವನು ಹೂಂ ಎಂದಿದ್ದ. ಮಾಲೀಕರು ಮಾತಿಗೆ ತಪ್ಪಿರಲಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚು ಅವರದೇ.

ಇಲ್ಲಿ ಕಾನೂನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇಡೀ ಪ್ರಕರಣ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಆ ಹೊತ್ತಿನಲ್ಲಿ ಸುಜಾತಾ ಏನು ಮಾಡುತ್ತಿದ್ದಳು?

ಮನೆಯಲ್ಲಿದ್ದಳು ಎಂದರೆ ಯಾರ ಹೊಣೆಯೂ ಇಲ್ಲ. ತರಬೇತಿ ಪಡೆಯುತ್ತಿದ್ದಳು ಎಂದರೆ ಐಟಿಐ ತನ್ನ ವಿದ್ಯಾರ್ಥಿಗಳಿಗೆ ಮಾಡಿಸಿದ್ದ ಅಪಘಾತ ವಿಮೆಯಿಂದ ಅಲ್ಪಸ್ವಲ್ಪ ಸಿಗುತ್ತಿತ್ತು. ಕೆಲಸ ಮಾಡುತ್ತಿದ್ದಳು ಎಂದರೆ ಮಾತ್ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಅವಳ ವಯಸ್ಸು, ಕಳೆದುಹೋದ ದುಡಿಯುವ ಶಕ್ತಿ ಎರಡನ್ನೂ ಲೆಕ್ಕಕ್ಕೆ ಹಿಡಿದ ಪೂರ್ಣ ಪರಿಹಾರ. ಅಪ್ರೆಂಟಿಸ್ ಎಂದು ನೋಂದಾಯಿಸಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ಅಪ್ರೆಂಟಿಸ್‌ಗೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆಯನ್ನು ಕಾನೂನು ನೇರವಾಗಿ ಮಾಲೀಕನ ಮೇಲೆ ಹಾಕಿದೆ. ಆದರೆ ಈ ಹುಡುಗಿಯರನ್ನು ಯಾರೂ ಹಾಗೆ ನೋಂದಾಯಿಸಿರಲಿಲ್ಲ. ಐಟಿಐ ಮತ್ತು ವರ್ಕ್‌ಶಾಪಿನ ನಡುವೆ ಒಪ್ಪಂದವಿತ್ತೇ ಹೊರತು ಹುಡುಗಿಯರ ಜೊತೆ ಯಾರ ಒಪ್ಪಂದವೂ ಇರಲಿಲ್ಲ.

ಇನ್ನೊಂದು ತೊಡಕು ಇತ್ತು. ಹದಿನೆಂಟು ತುಂಬದವರನ್ನು ಅಪಾಯದ ದುಡಿಮೆಗೆ ಹಚ್ಚುವುದು ಅಪರಾಧ. ಸುಜಾತಾ ಕೆಲಸ ಮಾಡುತ್ತಿದ್ದಳು ಎಂದು ಒಪ್ಪಿದ ಕ್ಷಣವೇ ಮಾಲೀಕನ ಮೇಲೆ ಮೊಕದ್ದಮೆ ಏಳುತ್ತದೆ, ಐಟಿಐದ ಮೇಲೆ ವಿಚಾರಣೆ ಬರುತ್ತದೆ. ಹುಡುಗಿಗೆ ಸಹಾಯವಾಗುವ ಒಂದೇ ಉತ್ತರ ಅವಳ ಸುತ್ತಲಿನ ಎಲ್ಲರನ್ನೂ ಸಿಕ್ಕಿಸುವ ಉತ್ತರವಾಗಿತ್ತು.

ಮೊದಲು ವರ್ಕ್‌ಶಾಪಿಗೆ ಹೋದೆ. ಮಾಲೀಕ ಬಸಲಿಂಗಪ್ಪ ಐವತ್ತು ದಾಟಿದವರು. ಅವರ ಅಜ್ಜನ ಕಾಲದಿಂದ ಯರಗಟ್ಟಿ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ವರ್ಕ್‌ಶಾಪ್ ಮಾತ್ರ ಇವರೇ ಸ್ವಂತ ಕಟ್ಟಿದ್ದು. ಅಂಗಳದಲ್ಲಿ ಬಣ್ಣ ಬಳಿಯದ ಟ್ರೇಲರ್‌ಗಳು ಸಾಲಾಗಿ ನಿಂತಿದ್ದವು. ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಚಹಾ ತರಿಸಿ ಎದುರಿಗೆ ಕುಳಿತು ನೇರವಾಗಿಯೇ ಮಾತಾಡಿದರು. ಹುಡುಗಿಯನ್ನು ತಾನು ಕೈಬಿಟ್ಟಿಲ್ಲ, ಮುಂದೆಯೂ ಬಿಡುವುದಿಲ್ಲ. ಆದರೆ ಕಾಗದದ ಮೇಲೆ ಅವಳು ಕೆಲಸಗಾರಳು ಎಂದು ಬಂದರೆ ವರ್ಕ್‌ಶಾಪು ಹಂಗಾಮಿನ ನಡುವೆ ನಿಲ್ಲುತ್ತದೆ. ಅಲ್ಲಿ ದುಡಿಯುವ ಇಷ್ಟು ಜನರ ಒಲೆ ಆರುತ್ತದೆ.

“ನಾ ಕಳ್ಳ ಅಲ್ರಿ, ಬಾಯಾರ,” ಎಂದರು. “ಆಕಿಗೆ ಕೊಡೂದನ್ನ ಕೊಡತೇನಿ. ಬರಕೊಂಡ ಮ್ಯಾಲ ಮಾತ್ರ ಕೊಡಬೇಕಂತ ಯಾಕ್ರಿ?”

ಐಟಿಐದ ಪ್ರಾಚಾರ್ಯರದು ಬೇರೆ ಸಂಕಟ. ಹುಡುಗಿಯರನ್ನು ಫಿಟ್ಟರ್ ಟ್ರೇಡಿಗೆ ಸೇರಿಸಲು ಅವರು ಹಳ್ಳಿಹಳ್ಳಿಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿದ್ದರು. ಕಬ್ಬಿಣದ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟಿದ್ದರು. ಈಗ ಈ ಸುದ್ದಿ ಹಬ್ಬಿದರೆ ಮುಂದಿನ ವರ್ಷ ಒಬ್ಬ ಹುಡುಗಿಯೂ ಬರುವುದಿಲ್ಲ ಎಂಬುದು ಅವರ ಹೆದರಿಕೆ. ಆ ಮಾತು ಹೇಳುವಾಗ ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಅದು ನಾಟಕವಾಗಿರಲಿಲ್ಲ.

ಕೆಟ್ಟವರ ಎದುರು ನಿಲ್ಲುವುದು ನಮ್ಮ ಕೆಲಸದಲ್ಲಿ ಸುಲಭ. ಈ ಪ್ರಕರಣದಲ್ಲಿ ನನಗೆ ಅಂಥವರು ಸಿಗಲಿಲ್ಲ.

ನಾನು ವಿಚಾರಣೆ ಶುರುಮಾಡಿದ ಮೇಲೆ ಕಣಿಕೆ ಯಂತ್ರದ ಕಥೆ ನಿಲ್ಲುವುದಿಲ್ಲವೆಂದು ಮಾಲೀಕರ ವಕೀಲರಿಗೆ ಗೊತ್ತಾಯಿತು. ಅವರು ಹೊಸ ಹೇಳಿಕೆಯೊಂದನ್ನು ಸಿದ್ಧಪಡಿಸಿದರು. ಅದರ ಪ್ರಕಾರ ಅಪಘಾತವಾದದ್ದು ವರ್ಕ್‌ಶಾಪಿನಲ್ಲೇ. ಆದರೆ ಎಲ್ಲರೂ ಚಹಾಕ್ಕೆ ಹೋದಾಗ ಸುಜಾತಾ ಯಾರನ್ನೂ ಕೇಳದೆ, ಕುತೂಹಲದಿಂದ, ತಾನಾಗಿ ಪ್ರೆಸ್ಸಿನ ಬಳಿ ಹೋಗಿ ಪೆಡಲ್ ಒತ್ತಿದಳು. ಹೀಗೆ ಬರೆದುಕೊಟ್ಟರೆ ಅವಳು ವಿದ್ಯಾರ್ಥಿನಿಯಾಗಿಯೇ ಉಳಿಯುತ್ತಾಳೆ, ವಿಮೆಯ ಹಣ ಬರುತ್ತದೆ, ಅದರ ಮೇಲೆ ಮಾಲೀಕರು ತಮ್ಮ ಕೈಯಿಂದ ದೊಡ್ಡ ಮೊತ್ತ ಕೊಡುತ್ತಾರೆ. ಮೊಕದ್ದಮೆ ಏಳುವುದಿಲ್ಲ, ಐಟಿಐಗೂ ಕಳಂಕವಿಲ್ಲ.

ಸುಜಾತಾ ಆಸ್ಪತ್ರೆಯಿಂದ ಬಂದ ಕೆಲವು ದಿನಗಳ ನಂತರ ಪ್ರಾಚಾರ್ಯರ ಕೋಣೆಯಲ್ಲಿ ಎಲ್ಲರೂ ಸೇರಿದರು. ನನ್ನನ್ನೂ ಕರೆದಿದ್ದರು. ಹುಡುಗಿಯ ಹೇಳಿಕೆಯನ್ನು ನಾನೇ ದಾಖಲಿಸಬೇಕಾಗಿತ್ತು. ಹೊಸ ಹೇಳಿಕೆಯನ್ನು ಪ್ರಾಚಾರ್ಯರು ಓದಿದರು. ಪರಸಪ್ಪ ಕೇಳುತ್ತಾ ಕುಳಿತಿದ್ದ. ಅವನ ಮುಖ ನೋಡಿದರೆ ಅವನು ಒಪ್ಪುತ್ತಾನೆ ಎಂದು ತಿಳಿಯುತ್ತಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು. ಕಾನೂನು ಅವನ ಮಗಳನ್ನು ನೌಕರಳೆಂದು ಒಪ್ಪದಿದ್ದರೆ ಕೊನೆಗೆ ಬರಿಗೈ. ಇಲ್ಲಿ ಸಹಿ ಹಾಕಿದರೆ ಇಂದೇ ಮುಗಿಯುತ್ತದೆ.

ನಾನು ಬಾಯಿ ಬಿಟ್ಟು ಏನನ್ನೂ ಹೇಳುವಂತಿರಲಿಲ್ಲ. ಹೀಗೇ ಹೇಳು ಎಂದು ನಾನು ಹುಡುಗಿಗೆ ಕಲಿಸಿದರೆ ಆ ಹೇಳಿಕೆಗೆ ಬೆಲೆಯಿಲ್ಲ. ಸುಮ್ಮನಿದ್ದರೆ ಸುಳ್ಳು ನನ್ನ ಕೈಯಿಂದಲೇ ದಾಖಲಾಗುತ್ತದೆ. ಪೆನ್ನು ಹಿಡಿದುಕೊಂಡು ಕುಳಿತೆ.

ಪರಸಪ್ಪ ಮಗಳ ಕಡೆ ನೋಡಿ ತಲೆಯಾಡಿಸಿದ. ಅಷ್ಟು ಹೊತ್ತು ತಲೆ ಬಗ್ಗಿಸಿ ಕುಳಿತಿದ್ದ ಸುಜಾತಾ ಆಗ ಮಾತಾಡಿದಳು.

“ಕುತೂಹಲ ಅಂದ್ರ ಏನ್ರಿ ಸರ್? ಆಟ ಆಡಾಕ ಹೋಗಿದ್ದೆ ಅಂತ ಬರದೀರೇನ್ರಿ?”

ಪ್ರಾಚಾರ್ಯರು ಅದು ಬರೀ ಬರೆಯುವ ರೀತಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದರು.

“ಮನ್ಯಾಗ ಆತು ಅನ್ನು ಅಂದ್ರ ಅಂತೇನ್ರಿ. ಅದರಿಂದ ಯಾರಿಗೂ ಏನೂ ಆಗೂದಿಲ್ಲ. ಆದ್ರ ಆಟ ಆಡಾಕ ಹೋಗಿದ್ದೆ ಅಂತ ಅನ್ನೂದಿಲ್ರಿ. ಒಂದೂವರಿ ತಿಂಗಳ ಆ ಪ್ರೆಸ್ ನಡಸೇನಿ. ಒಂದ ಪಟ್ಟಿ ಕೆಡಿಸಿಲ್ಲ. ನಾ ಕೆಲಸ ಮಾಡತಿದ್ದೆ.”

ಅವಳು ಯಾವ ಕಾನೂನನ್ನೂ ಓದಿದವಳಲ್ಲ. ಅವಳಿಗೆ ನೋವಾದದ್ದು ಪರಿಹಾರದ ವಿಷಯಕ್ಕೂ ಅಲ್ಲ. ತನ್ನನ್ನು ಹುಡುಗಾಟದವಳೆಂದು, ಯಂತ್ರ ಗೊತ್ತಿಲ್ಲದವಳೆಂದು ಬರೆದದ್ದಕ್ಕೆ. ಆದರೆ ಕಾನೂನು ಕೇಳುತ್ತಿದ್ದ ಮಾತು ಅದೇ ಆಗಿತ್ತು. ನಾನು ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಂಡೆ.

ಹಾಗಾದರೆ ಕೈ ಹೇಗೆ ಹೋಯಿತು ಎಂದು ಕೇಳಿದೆ. ಪ್ರೆಸ್ ಬಿಸಿಯಾದ ಮೇಲೆ ಪೆಡಲ್ ಒತ್ತದಿದ್ದರೂ ತಾನಾಗಿ ಬೀಳುತ್ತದೆ, ಅದನ್ನು ಫೋರ್‌ಮನ್ನಿಗೆ ಮೊದಲೇ ಹೇಳಿದ್ದೆ ಎಂದಳು. ಪವರ್ ಪ್ರೆಸ್ ಎಂದರೆ ತಗಡನ್ನು ಅಚ್ಚಿನ ಮೇಲಿಟ್ಟು ಒತ್ತಿ ಕತ್ತರಿಸುವ ಯಂತ್ರ. ಕಾಲಿನಿಂದ ಪೆಡಲ್ ತುಳಿದರೆ ಮೇಲಿನ ಭಾರದ ಭಾಗ, ಅಂದರೆ ರ‍್ಯಾಮ್, ಒಂದು ಸಲ ಇಳಿದು ಮೇಲೇರಿ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಒಂದು ಬ್ರೇಕ್ ಪಟ್ಟಿ. ಆ ಪಟ್ಟಿ ಸವೆದು, ಬಿಸಿಯಾಗಿ ಜಾರಿದರೆ ರ‍್ಯಾಮ್ ಕೇಳದೆಯೇ ಇನ್ನೊಮ್ಮೆ ಇಳಿಯುತ್ತದೆ. ಒತ್ತಿದ ತಗಡನ್ನು ತೆಗೆಯಲು ಕೈ ಅಚ್ಚಿನ ಮೇಲಿರುವ ಹೊತ್ತೇ ಅದು.

ಬಸಲಿಂಗಪ್ಪನವರಿಗೆ ಮೊದಲ ಬಾರಿ ಸಿಟ್ಟು ಬಂತು. ತಮ್ಮ ಯಂತ್ರ ಹಾಗಿಲ್ಲ, ಇವತ್ತು ಬೆಳಿಗ್ಗೆಯೂ ಅದರ ಮೇಲೆ ಕೆಲಸ ನಡೆದಿದೆ ಎಂದರು. ಈಗಲೇ ಹೋಗಿ ನೋಡೋಣ, ನಾನೇ ನಡೆಸಿ ತೋರಿಸುತ್ತೇನೆ ಎಂದು ಎದ್ದು ನಿಂತರು. ಅವರ ವಕೀಲರು ತಡೆಯಲು ನೋಡಿದರು, ಅವರು ಕೇಳಲಿಲ್ಲ. ನಾವೆಲ್ಲ ಎರಡು ಗಾಡಿಗಳಲ್ಲಿ ಯರಗಟ್ಟಿಗೆ ಹೊರಟೆವು. ದಾರಿಯುದ್ದಕ್ಕೂ ಸುಜಾತಾ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಅಪಘಾತದ ನಂತರ ಅವಳು ಆ ಜಾಗಕ್ಕೆ ಹೋಗುತ್ತಿರುವುದು ಇದೇ ಮೊದಲು. ಬೇಡವಾದರೆ ಹೊರಗೇ ಕೂಡು ಎಂದೆ. ಬರತೇನಿ ಎಂದಳು.

ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ನಿಂತಿತು. ಕೆಲಸಗಾರರು ದೂರದಲ್ಲಿ ಗುಂಪಾಗಿ ನಿಂತರು. ಪ್ರೆಸ್ ಮೂಲೆಯಲ್ಲಿತ್ತು. ಹಸಿರು ಬಣ್ಣ ಹಾರಿಹೋದ ಹಳೆಯ ಯಂತ್ರ. ಅಚ್ಚಿನ ಮುಂದೆ ಕೈ ತಡೆಯುವ ಜಾಳಿಗೆಯೂ ಇರಲಿಲ್ಲ. ಬಸಲಿಂಗಪ್ಪ ಅಂಗಿಯ ತೋಳು ಮಡಚಿ ಸ್ಟೂಲಿನ ಮೇಲೆ ಕುಳಿತರು. ಮೋಟಾರು ಚಾಲೂ ಮಾಡಿದರು. ತಗಡಿನ ಪಟ್ಟಿಯನ್ನು ಬರಿಗೈಯಲ್ಲಿ ಹಿಡಿದು ಅಚ್ಚಿನ ಕಡೆ ಒಯ್ದರು.

“ಕೈಲೆ ಬ್ಯಾಡ್ರಿ, ಮಾಲಕರ,” ಎಂದಳು ಸುಜಾತಾ. “ಇಕ್ಕಳ ತಗೋರಿ.”

ಅವರು ಕೇಳಿಸದವರಂತೆ ಇದ್ದರು. ನಾನು ಮುಂದೆ ಹೋಗಿ, ಇಕ್ಕಳ ಹಿಡಿಯದಿದ್ದರೆ ಈ ಪರೀಕ್ಷೆಯನ್ನೇ ನಿಲ್ಲಿಸುತ್ತೇನೆ ಎಂದೆ. ಫೋರ್‌ಮನ್ ಉದ್ದ ಹಿಡಿಕೆಯ ಇಕ್ಕಳ ತಂದುಕೊಟ್ಟ. ಬಸಲಿಂಗಪ್ಪ ಮುಖ ಗಂಟಿಕ್ಕಿಕೊಂಡೇ ಅದನ್ನು ತೆಗೆದುಕೊಂಡರು.

ಪೆಡಲ್ ತುಳಿದರು. ರ‍್ಯಾಮ್ ಇಳಿಯಿತು, ಏರಿತು, ನಿಂತಿತು. ಮತ್ತೆ ತುಳಿದರು, ಮತ್ತೆ ಹಾಗೇ. ಬಿಜಾಗರಿ ಪಟ್ಟಿಗಳು ಒಂದೊಂದಾಗಿ ಡಬ್ಬಿಗೆ ಬಿದ್ದವು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಳೆದರೂ ಯಂತ್ರ ಒಂದು ಸಲವೂ ತಪ್ಪಲಿಲ್ಲ. ಬಸಲಿಂಗಪ್ಪನವರ ಮುಖ ಸಡಿಲಾಗುತ್ತಾ ಬಂತು. ಪ್ರಾಚಾರ್ಯರು ಸಾಕಲ್ಲವೇ ಎಂಬಂತೆ ನನ್ನ ಕಡೆ ನೋಡಿದರು. ಯಂತ್ರ ಸರಿ ಇದೆಯೆಂದು ಎಲ್ಲರೆದುರು ಸಾಬೀತಾದರೆ ಹುಡುಗಿಯ ಮಾತಿಗೆ ಇನ್ನೆಂದೂ ಬೆಲೆ ಬರುವುದಿಲ್ಲ. ಅವಳ ಕೈಗೆ ಅವಳೇ ಕಾರಣ ಎಂದಾಗುತ್ತದೆ.

“ಇನ್ನೂ ಬಿಸಿ ಆಗಿಲ್ರಿ,” ಎಂದಳು ಸುಜಾತಾ. ಅವಳ ಕಣ್ಣು ಯಂತ್ರ ಬಿಟ್ಟು ಕದಲಲಿಲ್ಲ.

ಇನ್ನಷ್ಟು ಹೊತ್ತು ನಡೆಯಿತು. ಸುಟ್ಟ ಬ್ರೇಕ್ ಪಟ್ಟಿಯ ವಾಸನೆ ಬರತೊಡಗಿತು. ಬಸಲಿಂಗಪ್ಪ ಪೆಡಲಿನಿಂದ ಕಾಲು ತೆಗೆದು ನನ್ನ ಕಡೆ ತಿರುಗಿದರು. ಏನೋ ಹೇಳಲಿದ್ದರು. ಇಕ್ಕಳ ಇನ್ನೂ ಅಚ್ಚಿನ ಮೇಲಿತ್ತು, ಒತ್ತಿದ ಪಟ್ಟಿಯನ್ನು ಕಚ್ಚಿಕೊಂಡು.

ರ‍್ಯಾಮ್ ಬಿತ್ತು.

ಇಕ್ಕಳದ ಬಾಯಿ ಎರಡೂ ಅಚ್ಚಿನಲ್ಲಿ ನಜ್ಜುಗುಜ್ಜಾದವು. ಹಿಡಿಕೆ ಅವರ ಕೈಯಿಂದ ಕಿತ್ತುಹೋಗಿ ನೆಲಕ್ಕೆ ಬಡಿಯಿತು. ಅವರ ಎರಡೂ ಕಾಲು ನೆಲದ ಮೇಲಿದ್ದವು, ಪೆಡಲಿನಿಂದ ದೂರ. ಅದನ್ನು ಅಲ್ಲಿದ್ದ ಪ್ರತಿಯೊಬ್ಬರೂ ನೋಡಿದರು.

ಫೋರ್‌ಮನ್ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ. ಬಸಲಿಂಗಪ್ಪ ಸ್ಟೂಲಿನ ಮೇಲೆಯೇ ಕುಳಿತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಸುಜಾತಾ ತಂದೆಯ ತೋಳಿಗೆ ಮುಖ ಹುದುಗಿಸಿ ಅಳುತ್ತಿದ್ದಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲವಂತೆ, ಪರಸಪ್ಪ ಆಮೇಲೆ ಹೇಳಿದ.

“ಈ ಹುಡುಗಿ ನಿನಗ ಮೊದಲ ಹೇಳಿದ್ದಳೇನು?” ಎಂದು ಬಸಲಿಂಗಪ್ಪ ಫೋರ್‌ಮನ್ನನ್ನು ಕೇಳಿದರು. ಹೇಳಿದ್ದಳು, ಹಂಗಾಮು ಮುಗಿದ ಮೇಲೆ ನೋಡಿದರಾಯಿತೆಂದು ಬಿಟ್ಟೆ ಎಂದು ಅವನು ಒಪ್ಪಿಕೊಂಡ.

ಯಂತ್ರ ಬಳಸದಂತೆ ಅಂದೇ ಆದೇಶಿಸಿ, ನನ್ನ ವರದಿ ಬರೆದೆ. ಹದಿನೆಂಟು ತುಂಬದ ಹುಡುಗಿಯನ್ನು ಅಪಾಯದ ಕೆಲಸಕ್ಕೆ ಹಚ್ಚಿದ್ದಕ್ಕೆ ಮೊಕದ್ದಮೆ ದಾಖಲಿಸಿದೆ. ತಾಲೂಕು ಕಾನೂನು ಸೇವಾ ಸಮಿತಿಯಿಂದ ಸುಜಾತಾಳಿಗೆ ಒಬ್ಬ ವಕೀಲರು ಸಿಕ್ಕರು. ಪರಿಹಾರದ ಅರ್ಜಿ ಸವದತ್ತಿಯ ನ್ಯಾಯಾಲಯಕ್ಕೆ ಹೋಯಿತು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಓದುಗರು ಭಾವಿಸಬಾರದು. ಕಾನೂನಿನ ಪ್ರಶ್ನೆ ಹಾಗೆಯೇ ಇತ್ತು. ಮಾಲೀಕರ ವಕೀಲರು ಅಲ್ಲಿ ಬಲವಾಗಿಯೇ ವಾದಿಸಿದರು. ಯಂತ್ರ ಕೆಟ್ಟಿತ್ತು ಎಂದೇ ಹಿಡಿಯೋಣ, ಆದರೂ ಈಕೆ ನೌಕರಳಲ್ಲ. ಸಂಬಳವಿಲ್ಲ, ನೇಮಕವಿಲ್ಲ, ಐಟಿಐ ಕಳುಹಿಸಿದ ವಿದ್ಯಾರ್ಥಿನಿ. ವಿದ್ಯಾರ್ಥಿಗೆ ಪರಿಹಾರ ಕೊಡು ಎಂದು ಈ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ, ಎಂದು. ಮಾತು ತೆಗೆದುಹಾಕುವಂತಿರಲಿಲ್ಲ. ನನ್ನ ಸಾಕ್ಷ್ಯದ ದಿನ ಅವರು ನನ್ನನ್ನು ಬಹಳ ಹೊತ್ತು ನಿಲ್ಲಿಸಿ ಪ್ರಶ್ನಿಸಿದರು. ಅವಳು ಒಬ್ಬ ಕೆಲಸಗಾರನ ಜಾಗದಲ್ಲಿ ಇಡೀ ದಿನ ದುಡಿಯುತ್ತಿದ್ದಳು ಎಂಬುದಕ್ಕೆ ಹುಡುಗಿಯ ಮಾತು ಬಿಟ್ಟರೆ ನನ್ನ ಬಳಿ ಬೇರೇನೂ ಇರಲಿಲ್ಲ. ಅವಳ ಜೊತೆಯ ಹುಡುಗಿಯರು ಸಾಕ್ಷಿಗೆ ಬರಲು ಒಪ್ಪಲಿಲ್ಲ. ಅವರ ಮನೆಯವರು ಬಿಡಲಿಲ್ಲ. ಫೋರ್‌ಮನ್ ಸೇರಿ ವರ್ಕ್‌ಶಾಪಿನ ಕೆಲಸಗಾರರೂ ಬರಲಿಲ್ಲ. ಸಾಕ್ಷಿಕಟ್ಟೆಯಿಂದ ಇಳಿದು ಬರುವಾಗ ಈ ಪ್ರಕರಣ ಸೋಲುತ್ತದೆ ಎಂದೇ ನನಗೆ ಅನ್ನಿಸಿತ್ತು.

ಬಸಲಿಂಗಪ್ಪನವರ ಸರದಿ ಬಂದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಸುಜಾತಾ, ಪರಸಪ್ಪ ನನ್ನ ಮುಂದಿನ ಸಾಲಿನಲ್ಲಿದ್ದರು. ತಮ್ಮ ವಕೀಲರು ಕೇಳಿದ್ದಕ್ಕೆಲ್ಲ ಬಸಲಿಂಗಪ್ಪ ಚಿಕ್ಕ ಉತ್ತರ ಕೊಟ್ಟರು. ಅವಳು ವಿದ್ಯಾರ್ಥಿನಿ ಹೌದೇ? ಹೌದು. ಸಂಬಳ ಕೊಡುತ್ತಿದ್ದಿರಾ? ಇಲ್ಲ. ಆಮೇಲೆ ಸುಜಾತಾಳ ವಕೀಲರು ಎದ್ದರು. ಪ್ರೆಸ್ ನಡೆಸುವವನು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಯಾರನ್ನು ತೆಗೆದುಕೊಂಡಿರಿ ಎಂದು ಕೇಳಿದರು.

ಬಸಲಿಂಗಪ್ಪ ತಮ್ಮ ವಕೀಲರ ಕಡೆ ನೋಡಿದರು. ವಕೀಲರು ಕಾಗದ ತಿರುವುತ್ತಿದ್ದರು. ಆಮೇಲೆ ಅವರ ಕಣ್ಣು ಸುಜಾತಾಳ ಕಡೆ ಹೊರಳಿತು. ಗಾಯ ಮಾಯ್ದಿತ್ತು. ಎಡಗೈಯನ್ನು ಅವಳು ಓಢಣಿಯಲ್ಲಿ ಮುಚ್ಚಿಕೊಂಡಿರಲಿಲ್ಲ, ಮಡಿಲ ಮೇಲೆ ತೆರೆದೇ ಇಟ್ಟುಕೊಂಡಿದ್ದಳು.

“ಯಾರನ್ನೂ ತಗೊಳ್ಳಿಲ್ರಿ,” ಎಂದರು. “ಆಕೀನ ನಡಸತಿದ್ದಳು. ನಾನ ಕುಂಡ್ರಿಸಿದ್ದೆ. ದಿನಾ ಪೂರಾ ನಡಸತಿದ್ದಳು.”

ಅವರ ವಕೀಲರು ಕಾಗದ ತಿರುವುವುದನ್ನು ನಿಲ್ಲಿಸಿದರು.

ತೀರ್ಪು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಹೆಸರು ವಿದ್ಯಾರ್ಥಿನಿಯದಾಗಿದ್ದರೂ ಮಾಡಿದ್ದು ನೌಕರಳ ಕೆಲಸ, ಆದ್ದರಿಂದ ಪರಿಹಾರಕ್ಕೆ ಅರ್ಹಳು ಎಂದು ನ್ಯಾಯಾಧೀಶರು ಬರೆದರು. ಬಸಲಿಂಗಪ್ಪ ಮೇಲ್ಮನವಿಗೆ ಹೋಗಲಿಲ್ಲ, ಪೂರ್ತಿ ಕಟ್ಟಿದರು. ಇನ್ನೊಂದು ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು ದಂಡವನ್ನೂ ತೆತ್ತರು. ನ್ಯಾಯಾಲಯದ ಅಂಗಳದಲ್ಲಿ ಎದುರಾದಾಗ, ಯಾಕೆ ನಿಜ ಹೇಳಿದಿರಿ ಎಂದು ಕೇಳಬೇಕೆನ್ನಿಸಿತ್ತು. ನಮಸ್ಕಾರ ಮಾಡಿ ಮುಂದೆ ಹೋದರು, ನಾನೂ ಕೇಳಲಿಲ್ಲ.

ಸುಜಾತಾ ಐಟಿಐ ಮುಗಿಸಿದಳು. ಉಳಿದ ಹೆಬ್ಬೆರಳು, ಕಿರುಬೆರಳುಗಳ ನಡುವೆ ಕೆಲಸದ ತುಂಡನ್ನು ಹಿಡಿದು ಬಲಗೈಯಲ್ಲಿ ಕಬ್ಬಿಣ ತೇಯುವ ಅರ ಉಜ್ಜುವುದನ್ನು ಅವಳು ಮತ್ತೆ ಮೊದಲಿನಿಂದ ಕಲಿತಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ ಕೊಡಿಸಲು ಪ್ರಾಚಾರ್ಯರೇ ಓಡಾಡಿದರು. ಈಗ ಬೆಳಗಾವಿಯ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ಪರೀಕ್ಷಿಸುವ ವಿಭಾಗದಲ್ಲಿದ್ದಾಳೆ. ಪರಿಹಾರದ ಹಣದಲ್ಲಿ ತಮ್ಮನನ್ನು ಓದಿಸಬೇಕೆಂದು ತಂದೆಗಿತ್ತು. ಅವಳು ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲೇ ಇಟ್ಟಳು.

ಬೇರೆ ನಷ್ಟಗಳೂ ಆದವು, ಅವನ್ನೂ ಹೇಳಬೇಕು. ವಿಚಾರಣೆ ಮುಗಿಯುವವರೆಗೆ ಆ ಐಟಿಐದ ಡ್ಯುಯಲ್ ಟ್ರೇನಿಂಗ್ ನಿಂತಿತು. ಸುಜಾತಾಳ ಜೊತೆಯ ಹುಡುಗಿಯರು ಉದ್ಯಮದ ಅನುಭವವಿಲ್ಲದೆ ಹೊರಬಂದರು. ಅವರಲ್ಲಿ ಇಬ್ಬರು ಆ ಕಸುಬನ್ನೇ ಬಿಟ್ಟರೆಂದು ಕೇಳಿದೆ. ಮುಂದಿನ ವರ್ಷ ಫಿಟ್ಟರ್ ಟ್ರೇಡಿಗೆ ಹುಡುಗಿಯರು ಬರಲಿಲ್ಲ. ಪ್ರಾಚಾರ್ಯರ ಹೆದರಿಕೆ ಸುಳ್ಳಾಗಿರಲಿಲ್ಲ. ಅದಕ್ಕೆ ನನ್ನ ಬಳಿ ಇಂದಿಗೂ ಸಮಾಧಾನದ ಮಾತಿಲ್ಲ.

ತರಬೇತಿ ಮತ್ತೆ ಶುರುವಾಗುವ ಹೊತ್ತಿಗೆ ಪ್ರಾಚಾರ್ಯರು ಬೈಲಹೊಂಗಲದ ನನ್ನ ಕಚೇರಿಗೆ ತಾವಾಗಿಯೇ ಬಂದರು. ಇಬ್ಬರೂ ಕುಳಿತು ಮಾತಾಡಿದೆವು. ಪ್ರತಿ ವಿದ್ಯಾರ್ಥಿಯನ್ನೂ ಅಪ್ರೆಂಟಿಸ್ ಎಂದು ನೋಂದಾಯಿಸಲು ಒಪ್ಪುವ ಘಟಕಕ್ಕೆ ಮಾತ್ರ ಮಕ್ಕಳನ್ನು ಕಳುಹಿಸುವುದು ಎಂದು ಅವರು ನಿರ್ಧರಿಸಿದರು. ಬಹಳಷ್ಟು ಮಾಲೀಕರು ಹಿಂದೆ ಸರಿದರು. ಕಿತ್ತೂರಿನ ಒಬ್ಬರು ಒಪ್ಪಿದರು, ಬೈಲಹೊಂಗಲದ ಇಬ್ಬರು ಒಪ್ಪಿದರು. ಅಲ್ಲಿಂದಲೇ ಶುರುವಾಯಿತು.

ನಾನು ನಿವೃತ್ತಳಾಗಿ ಸ್ವಲ್ಪ ಕಾಲವಾಯಿತು. ಇಷ್ಟು ವರ್ಷಗಳ ನೌಕರಿಯಲ್ಲಿ ಕಾಯ್ದೆಗಳ ಕಲಮುಗಳನ್ನು ಎಷ್ಟೋ ಬಾಯಿಪಾಠ ಮಾಡಿದೆ, ಅರ್ಧ ಮರೆತೂಹೋದವು. ಈ ಪ್ರಕರಣ ಕಲಿಸಿದ್ದು ಮಾತ್ರ ಮರೆತಿಲ್ಲ. ಕಲಿಯಲು ಬಂದ ಮಗು ಯಾರ ಹೊಣೆ ಎಂಬುದನ್ನು ಯಂತ್ರದ ಮುಂದೆ ಕೂಡಿಸುವ ಮೊದಲೇ ಗೊತ್ತುಮಾಡಬೇಕು. ರಕ್ತ ಬಿದ್ದ ಮೇಲೆ ಗೊತ್ತುಮಾಡಲು ಕುಳಿತರೆ ಒಳ್ಳೆಯ ಮನುಷ್ಯರೂ ಸುಳ್ಳು ಹೇಳುತ್ತಾರೆ, ಏಕೆಂದರೆ ಅಷ್ಟರಲ್ಲಿ ಪ್ರತಿಯೊಬ್ಬರಿಗೂ ಕಳೆದುಕೊಳ್ಳುವುದು ಏನಾದರೂ ಇರುತ್ತದೆ.

ಈಗಲೂ ಯಾವುದಾದರೂ ಶಾಲೆಯವರು ಮಕ್ಕಳನ್ನು ತರಬೇತಿಗೆ ಕಳುಹಿಸುವ ಮುನ್ನ ನನ್ನನ್ನು ಮಾತಾಡಲು ಕರೆಯುತ್ತಾರೆ. ಮಕ್ಕಳ ಮುಂದೆ ನಿಲ್ಲುವ ಮೊದಲು ನಾನು ಮುಖ್ಯಸ್ಥರನ್ನೂ ಮಾಲೀಕರನ್ನೂ ಒಂದು ಕಡೆ ಕೂಡಿಸಿ ಕೇಳುತ್ತೇನೆ: ನಾಳೆ ಈ ಮಗುವಿನ ಕೈಗೆ ಪೆಟ್ಟಾದರೆ ನಿಮ್ಮಲ್ಲಿ ಯಾರು ಮೊದಲು ಎದ್ದು ನಿಂತು, ಇದು ನಮ್ಮ ಮಗು ಎನ್ನುತ್ತೀರಿ? ಅದಕ್ಕೆ ಉತ್ತರ ಸಿಗುವವರೆಗೆ ಮಕ್ಕಳು ತರಗತಿಯಲ್ಲೇ ಇರಲಿ ಎನ್ನುತ್ತೇನೆ.